ರಿಲೀಸ್ ನೋಟ್ಸ್ ಬರೆಯುವುದು ಹೇಗೆ? ಡೀಫಾಲ್ಟ್ ಬದಲಾಗಿದ್ದರೆ ಬಾಯಿಬಿಟ್ಟು ಹೇಳಿ

2020ರ ಒಂದು ಶನಿವಾರ ರಾತ್ರಿ. ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನ ಅಪ್‌ಗ್ರೇಡ್ ಮುಗಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವುದರಲ್ಲಿದ್ದೆವು. ಕೊನೆಗೊಮ್ಮೆ ಸೈಟ್ ತೆರೆದು ನೋಡಿದರೆ 503, ಅಂದರೆ 'ಸೇವೆ ಸದ್ಯ ಲಭ್ಯವಿಲ್ಲ' ಅನ್ನುವ ದೋಷ. ಕೈಯಲ್ಲಿದ್ದ ರಿಲೀಸ್ ನೋಟ್ಸ್‌ನಲ್ಲಿ, ಅಂದರೆ ಹೊಸ ಆವೃತ್ತಿಯ ಬಗ್ಗೆ ತಿಳಿಸುವ ಟಿಪ್ಪಣಿಯಲ್ಲಿ, ಒಂದೇ ಸಾಲು: 'ಟಾಮ್‌ಕ್ಯಾಟ್ 9.0.31ಕ್ಕೆ ಅಪ್‌ಡೇಟ್ ಮಾಡಲಾಗಿದೆ, ಭದ್ರತಾ ಲೋಪ ಸರಿಪಡಿಸಲಾಗಿದೆ.' ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬೇಕಾದ ಮಾತೂ ಇರಲಿಲ್ಲ. ಅದನ್ನು ನಾವೇ ಹುಡುಕಿಕೊಳ್ಳುವ ಹೊತ್ತಿಗೆ ಬೆಳಗಿನ ಜಾವ ಎರಡಾಗಿತ್ತು.

ಆಮೇಲೆ ಎಷ್ಟೋ ತಂಡಗಳ ರಿಲೀಸ್ ನೋಟ್ಸ್ ಓದಿದ್ದೇನೆ. ಎಡವುವುದು ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ. ಟಾಮ್‌ಕ್ಯಾಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಜೆಟ್ಟಿಯೋ ವೈಲ್ಡ್‌ಫ್ಲೈಯೋ, ಬೇರೆ ಯಾವ ಸರ್ವರ್ ಆಗಿದ್ದರೂ ಕೆಲಸದ ಕ್ರಮ ಇದೇ.

1. ಎರಡು ಫೈಲ್, ಎರಡು ಕೆಲಸ

ಟಾಮ್‌ಕ್ಯಾಟ್ ಜಿಪ್ ಬಿಚ್ಚಿದರೆ ಮೇಲೇ 'ರಿಲೀಸ್-ನೋಟ್ಸ್' ಅನ್ನುವ ಸಾದಾ ಟೆಕ್ಸ್ಟ್ ಫೈಲ್ ಸಿಗುತ್ತದೆ. ಚೇಂಜ್‌ಲಾಗ್ ಇರುವುದು ಒಳಗೆ, ಡಾಕ್ಸ್ ಫೋಲ್ಡರ್‌ನಲ್ಲಿ. ಮೊದಲನೆಯದು ಇನ್‌ಸ್ಟಾಲ್ ಮಾಡುವ ಮುನ್ನ ಓದುವವರಿಗೆ. ಎರಡನೆಯದು ಏನೇನು ಬದಲಾಯಿತು ಅನ್ನುವ ಪೂರ್ತಿ ಲೆಕ್ಕ. ಎರಡನ್ನೂ ಒಂದರಲ್ಲೇ ತುರುಕಬೇಡಿ. ನೂರು ಸಾಲಿನ ಮಧ್ಯೆ ಹೂತುಹೋದ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ, ನೋಟ್ಸ್ ಸಾದಾ ಟೆಕ್ಸ್ಟ್‌ನಲ್ಲೇ ಇರಲಿ. ವರ್ಡ್ ಫೈಲ್ ಬೇಡವೇ ಬೇಡ. ಅಪ್‌ಗ್ರೇಡ್ ಮಾಡುವವರು ಕೂತಿರುವುದು ಸರ್ವರ್‌ನ ಕಪ್ಪು ಪರದೆಯ ಮುಂದೆ, ಅಲ್ವಾ?

2. ಹೊಸ ವಿಭಾಗ ಇವತ್ತೇ ತೆರೆಯಿರಿ

ಹಿಂದಿನ ಆವೃತ್ತಿಯ ಕೋಡ್‌ಗೆ ಟ್ಯಾಗ್ (ನಂಬರಿನ ಗುರುತು) ಹಾಕಿದ ದಿನವೇ ಚೇಂಜ್‌ಲಾಗ್‌ನಲ್ಲಿ ಮುಂದಿನದಕ್ಕೆ ಖಾಲಿ ವಿಭಾಗ ಸೇರಿಸಿ. ಅಷ್ಟೇ.

3. ಕೋಡ್ ಜೊತೆಗೇ ಒಂದು ಸಾಲು

ರಿಲೀಸ್ ದಿನ ಕೂತು ನೆನಪಿನಿಂದ ಬರೆಯುತ್ತೇನೆ ಅಂದರೆ ಅರ್ಧ ಬಿಟ್ಟುಹೋಗುತ್ತದೆ. ಕೋಡ್ ಬದಲಾವಣೆಯನ್ನು ದಾಖಲಿಸುವ ಕಮಿಟ್‌ನಲ್ಲೇ ಚೇಂಜ್‌ಲಾಗ್ ಸಾಲೂ ಹೋಗಲಿ. ಟಾಮ್‌ಕ್ಯಾಟ್‌ನ ಚೇಂಜ್‌ಲಾಗ್ ಒಂದು ಎಕ್ಸ್‌ಎಂಎಲ್ ಫೈಲ್. ಅದರಲ್ಲಿ ಆ್ಯಪ್‌ಗಳನ್ನು ಓಡಿಸುವ ಸರ್ವ್‌ಲೆಟ್ ಕಂಟೇನರ್‌ನ ವಿಷಯ ಕ್ಯಾಟಲಿನಾ ಕೆಳಗೆ ಬರುತ್ತದೆ, ಹೊರಗಿನ ರಿಕ್ವೆಸ್ಟ್ ಪಡೆಯುವ ಕನೆಕ್ಟರ್‌ಗಳ ವಿಷಯ ಕೊಯೋಟೆ ಕೆಳಗೆ, ಜೆಎಸ್‌ಪಿ (ಜಾವಾ ಬೆರೆತ ವೆಬ್ ಪುಟ) ವಿಷಯ ಜಾಸ್ಪರ್ ಕೆಳಗೆ. ಪ್ರತಿ ಸಾಲಿಗೂ ಫಿಕ್ಸ್, ಆಡ್, ಅಪ್‌ಡೇಟ್ ಅಂತ ಒಂದು ಗುರುತು ಇರುತ್ತದೆ. ಬಗ್‌ಗಳ ಪಟ್ಟಿ ಇಡುವ ಬಗ್‌ಜಿಲ್ಲಾದ ನಂಬರ್ ಇದ್ದರೆ ಅದನ್ನೂ ಹಾಕುತ್ತಾರೆ. ಆ ನಂಬರ್ ಮಾತ್ರ ಬಿಡಬೇಡಿ. ಎರಡು ವರ್ಷ ಬಿಟ್ಟು ಯಾರೋ 'ಇದನ್ನು ಯಾಕೆ ಬದಲಿಸಿದಿರಿ' ಅಂತ ಕೇಳಿದಾಗ ಕೈಹಿಡಿಯುವುದು ಅದೊಂದೇ.

ಕಮಿಟ್ ತಲೆಬರಹಗಳನ್ನು ಗುಡ್ಡೆ ಹಾಕಿ ತಾನಾಗೇ ರಿಲೀಸ್ ನೋಟ್ಸ್ ಮಾಡಿಕೊಡುವ ಟೂಲ್‌ಗಳಿವೆ. ನಾನು ಬಳಸುವುದಿಲ್ಲ, ನೀವೂ ಬಳಸಬೇಡಿ. ಕಮಿಟ್ ತಲೆಬರಹ ಬರೆದಿರುವುದು ಪಕ್ಕದ ಕುರ್ಚಿಯ ಡೆವಲಪರ್‌ಗೆ. 'ನಲ್ ಚೆಕ್ ಸೇರಿಸಿದೆ' ಅಂದರೆ ಸರ್ವರ್ ನೋಡಿಕೊಳ್ಳುವವರಿಗೆ ಏನು ತಿಳಿಯಬೇಕು? 'ಸಣ್ಣಪುಟ್ಟ ಸುಧಾರಣೆಗಳು' ಅನ್ನುವ ಸಾಲನ್ನಂತೂ ಎಲ್ಲಿ ಕಂಡರೂ ಅಳಿಸಿ.

4. ಡೀಫಾಲ್ಟ್ ಬದಲಾವಣೆ: ನಿಧಾನವಾಗಿ ಮಾಡುವ ಕೆಲಸ ಇದು

ಫೀಚರ್ ಸೇರಿಸಿದರೆ ಹೆಮ್ಮೆಯಿಂದ ಬರೆಯುತ್ತೇವೆ. ಬಗ್ ತೆಗೆದರೂ ಬರೆಯುತ್ತೇವೆ. ಆದರೆ ಯಾರೂ ಮುಟ್ಟದ ಒಂದು ಸೆಟ್ಟಿಂಗ್‌ನ ಡೀಫಾಲ್ಟ್, ಅಂದರೆ ನಾವು ಏನೂ ಬರೆಯದಿದ್ದರೆ ತಾನಾಗೇ ಇರುವ ಮೌಲ್ಯ, ಬದಲಾಗಿದ್ದನ್ನು ಬರೆಯಲು ಮರೆಯುತ್ತೇವೆ. ಸರ್ವರ್ ಬೀಳಿಸುವುದು ಅದೇ.

ಆ ರಾತ್ರಿಯ ಕಥೆಯನ್ನೇ ಬಿಡಿಸಿ ನೋಡೋಣ. 'ಘೋಸ್ಟ್‌ಕ್ಯಾಟ್' ಅನ್ನುವ ಲೋಪ ಬಯಲಾದದ್ದು 2020ರ ಫೆಬ್ರವರಿಯಲ್ಲಿ. ಭದ್ರತಾ ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2020-1938. ಅಲ್ಲಿಯವರೆಗೆ ಟಾಮ್‌ಕ್ಯಾಟ್‌ನ ಎಜೆಪಿ ಕನೆಕ್ಟರ್ (ಮುಂದಿರುವ ವೆಬ್ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡುವ ದಾರಿ) ತಾನಾಗೇ 8009 ಪೋರ್ಟ್‌ನಲ್ಲಿ ಎಲ್ಲ ವಿಳಾಸಗಳಿಗೂ ತೆರೆದಿರುತ್ತಿತ್ತು. ಆ ಪೋರ್ಟ್ ಹೊರಗಿನವರ ಕೈಗೆ ಸಿಕ್ಕಿದರೆ ಆ್ಯಪ್‌ನ ಒಳಗಿನ ಫೈಲ್‌ಗಳನ್ನು ಓದಬಹುದಿತ್ತು. 9.0.31, 8.5.51, 7.0.100 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿದರು. ಸರಿಪಡಿಸುವಾಗ ಒಂದಲ್ಲ, ಹಲವು ಡೀಫಾಲ್ಟ್ ಬದಲಾದವು. ಜೊತೆಗೆ ಬರುವ ಸೆಟ್ಟಿಂಗ್ ಫೈಲ್ ಸರ್ವರ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಎಜೆಪಿ ಸಾಲನ್ನು ಕೆಲಸ ಮಾಡದಂತೆ ಕಾಮೆಂಟ್ ಮಾಡಿದರು. ತೆರೆದರೂ ಅದು ಲೂಪ್‌ಬ್ಯಾಕ್ ವಿಳಾಸದಲ್ಲಿ, ಅಂದರೆ ಅದೇ ಯಂತ್ರದೊಳಗಿನಿಂದ ಬಂದದ್ದನ್ನು ಮಾತ್ರ ಕೇಳುವಂತಾಯಿತು. 'ಸೀಕ್ರೆಟ್ ರಿಕ್ವೈರ್ಡ್' ಅನ್ನುವುದು ಟ್ರೂ ಆಯಿತು, ಅಂದರೆ ಎರಡೂ ಕಡೆ ಒಂದೇ ಗುಟ್ಟಿನ ಪದ (ಸೀಕ್ರೆಟ್) ಬೇಕಾಯಿತು. ಗುರುತಿಲ್ಲದ ಆಟ್ರಿಬ್ಯೂಟ್ ಹೊತ್ತು ಬಂದ ರಿಕ್ವೆಸ್ಟ್‌ಗೆ 403 (ಅನುಮತಿ ಇಲ್ಲ) ಸಿಗತೊಡಗಿತು.

ನಮ್ಮಲ್ಲಿ ಹಳೆಯ ಸರ್ವರ್ ಡಾಟ್ ಎಕ್ಸ್‌ಎಂಎಲ್ ಅನ್ನೇ ಉಳಿಸಿಕೊಂಡಿದ್ದೆವು. ಮುಂದಿದ್ದ ಅಪಾಚೆ ವೆಬ್ ಸರ್ವರ್ ಬೇರೆ ಯಂತ್ರದಲ್ಲಿತ್ತು. ಸೀಕ್ರೆಟ್ ಇಲ್ಲದ್ದರಿಂದ ಎಜೆಪಿ ಶುರುವಾಗಲೇ ಇಲ್ಲ. ಟಾಮ್‌ಕ್ಯಾಟ್ ಮಾತ್ರ ಆರಾಮಾಗಿ ಎದ್ದು ಕೂತಿತ್ತು. ಅದರ ಸ್ವಂತ 8080 ಪೋರ್ಟ್‌ನಲ್ಲಿ ಪುಟ ಚೆನ್ನಾಗೇ ಬರುತ್ತಿತ್ತು, ಹಾಗಾಗಿ ತಪ್ಪು ಟಾಮ್‌ಕ್ಯಾಟ್ ಕಡೆ ಇಲ್ಲ ಅಂತ ಒಂದು ಗಂಟೆ ಬೇರೆಲ್ಲೋ ಹುಡುಕಿದೆವು. ಲಾಗ್‌ನಲ್ಲಿ ಸಾಲು ಸಿಕ್ಕಿತು, ಸೀಕ್ರೆಟ್ ಕೊಟ್ಟೆವು. ಆಗಲೂ 503. ಕನೆಕ್ಟರ್ ಕೇಳುತ್ತಿದ್ದದ್ದು ಲೂಪ್‌ಬ್ಯಾಕ್‌ನಲ್ಲಿ ಮಾತ್ರ ತಾನೇ? ವಿಳಾಸ ಬರೆದೆವು. ಈಗ 403. ಅಪಾಚೆಯ ಎಜೆಪಿ ಪ್ರಾಕ್ಸಿಗೆ ಸೀಕ್ರೆಟ್ ಕಳಿಸುವುದು ಬಂದದ್ದು 2.4.42ರಿಂದ. ನಮ್ಮದು ಅದಕ್ಕಿಂತ ಹಳೆಯದು. ಕೊನೆಗೆ ಆ ಒಂದು ಯಂತ್ರದಿಂದ ಮಾತ್ರ 8009ಕ್ಕೆ ದಾರಿ ಬಿಡುವ ಹಾಗೆ ಫೈರ್‌ವಾಲ್ ಕಟ್ಟಿ, ಸೀಕ್ರೆಟ್ ಕಡ್ಡಾಯವನ್ನು ಸದ್ಯಕ್ಕೆ ತೆಗೆದೆವು.

ಒಂದರ ಹಿಂದೆ ಒಂದು ಮೂರು ಬಾಗಿಲು. ಮೂರನ್ನೂ ಮೊದಲೇ ಹೇಳಬಹುದಿತ್ತು.

ಹಾಗಾಗಿ ಪ್ರತಿ ಡೀಫಾಲ್ಟ್ ಬದಲಾವಣೆಗೂ ನಾಲ್ಕು ಮಾತು ಬರೆಯಿರಿ: ಮೊದಲು ಏನಿತ್ತು, ಈಗ ಏನು, ಯಾರಿಗೆ ಏನು ಕಾಣಿಸುತ್ತದೆ, ಅವರು ಏನು ಮಾಡಬೇಕು. ಮೂರನೆಯದೇ ಮುಖ್ಯ. ರಾತ್ರಿ ಕೂತವರು ಸೆಟ್ಟಿಂಗ್ ಹೆಸರು ಹಿಡಿದು ಹುಡುಕುವುದಿಲ್ಲ, ಎದುರಿಗೆ ಕಂಡ ತೊಂದರೆ ಹಿಡಿದು ಹುಡುಕುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

'ಎಜೆಪಿಗೆ ಸೀಕ್ರೆಟ್ ಈಗ ಕಡ್ಡಾಯ. ಮೊದಲು ಇರಲಿಲ್ಲ. ಸೀಕ್ರೆಟ್ ಇಲ್ಲದಿದ್ದರೆ ಟಾಮ್‌ಕ್ಯಾಟ್ ಎದ್ದರೂ 8009 ತೆರೆಯುವುದಿಲ್ಲ, ಮುಂದಿನ ವೆಬ್ ಸರ್ವರ್ 503 ತೋರಿಸುತ್ತದೆ. ಎರಡೂ ಕಡೆ ಒಂದೇ ಸೀಕ್ರೆಟ್ ಹಾಕಿ. ವೆಬ್ ಸರ್ವರ್ ಬೇರೆ ಯಂತ್ರದಲ್ಲಿದ್ದರೆ ಕನೆಕ್ಟರ್‌ಗೆ ವಿಳಾಸವನ್ನೂ ಬರೆಯಿರಿ.'

ಐದಾರು ಸಾಲು. ಲಾಗ್‌ನಲ್ಲಿ ಬೀಳುವ ದೋಷದ ಸಾಲನ್ನು ಅಕ್ಷರ ಬಿಡದೆ ಕೆಳಗೆ ಅಂಟಿಸಿ. ಅದನ್ನೇ ಕಾಪಿ ಮಾಡಿ ಹುಡುಕುವವರಿಗೆ ನಿಮ್ಮ ನೋಟ್ಸ್ ಮೊದಲು ಸಿಗಬೇಕು.

ಬದಲಾದ ಡೀಫಾಲ್ಟ್‌ಗಳನ್ನು ಹಿಡಿಯುವುದು ಹೇಗೆ? ಸೆಟ್ಟಿಂಗ್ ಫೈಲ್‌ಗಳಿರುವ ಹಳೆ, ಹೊಸ ಕಾನ್ಫ್ ಫೋಲ್ಡರ್‌ಗಳನ್ನು ಡಿಫ್ ಹಾಕಿ (ಸಾಲು ಸಾಲಾಗಿ ಹೋಲಿಸಿ) ನೋಡುವುದು ಎಲ್ಲರಿಗೂ ಗೊತ್ತು. ಸುಮ್ನೆ ಅಷ್ಟಕ್ಕೇ ನಿಲ್ಲಿಸಬೇಡಿ. ಜಾಸ್ತಿ ಡೀಫಾಲ್ಟ್‌ಗಳು ಇರುವುದು ಕೋಡ್‌ನಲ್ಲಿ, ಕಾನ್ಫ್‌ನಲ್ಲಲ್ಲ. 2025ರ ಜೂನ್‌ನಲ್ಲಿ ಹೀಗೇ ಆಯಿತು. ಫೈಲ್ ಕಳಿಸಲು ಬಳಸುವ ಒಂದು ಮಲ್ಟಿಪಾರ್ಟ್ ಫಾರ್ಮ್‌ನಲ್ಲಿ ಎಷ್ಟು ಭಾಗ ಇರಬಹುದು ಅನ್ನುವುದಕ್ಕೆ ಟಾಮ್‌ಕ್ಯಾಟ್ 9.0.106, 10.1.42, 11.0.8ರಲ್ಲಿ 'ಮ್ಯಾಕ್ಸ್ ಪಾರ್ಟ್ ಕೌಂಟ್' ಅನ್ನುವ ಮಿತಿ ತಂದರು. ಡೀಫಾಲ್ಟ್ 10. ಫೈಲ್ ಅಪ್‌ಲೋಡ್ ಜೊತೆಗೆ ಹೆಸರು, ವಿಳಾಸ, ಪಿನ್‌ಕೋಡ್ ಅಂತ ಹನ್ನೆರಡು ಖಾನೆ ಇರುವ ಫಾರ್ಮ್‌ಗೆ ಅದು ಸಾಲುವುದಿಲ್ಲ. ಮುಂದಿನ ಆವೃತ್ತಿಯಲ್ಲೇ 50ಕ್ಕೆ ಏರಿಸಿದರು. ಕಾನ್ಫ್ ಫೋಲ್ಡರ್ ಡಿಫ್ ಮಾಡಿದವರಿಗೆ ಇದು ಸಿಗುತ್ತಲೇ ಇರಲಿಲ್ಲ. ಅದಕ್ಕೇ ಡಾಕ್ಸ್ ಫೋಲ್ಡರ್‌ನ ಕಾನ್ಫಿಗ್ ಪುಟಗಳನ್ನೂ ಡಿಫ್ ಹಾಕಿ. ಅಲ್ಲಿ ಪ್ರತಿ ಸೆಟ್ಟಿಂಗ್‌ನ ಡೀಫಾಲ್ಟ್ ಬರೆದಿರುತ್ತದೆ.

5. ಜಾವಾ ಆವೃತ್ತಿ ಮೇಲೇ ಇರಲಿ

ಟಾಮ್‌ಕ್ಯಾಟ್ 9ಕ್ಕೆ ಜಾವಾ 8 ಸಾಕು, 10.1ಕ್ಕೆ 11 ಬೇಕು, 11ಕ್ಕೆ 17. ಈ ಸಾಲು ಮೊದಲ ಪರದೆಯಲ್ಲೇ ಕಾಣಬೇಕು. 9ರಿಂದ 10ಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಕೋಡ್‌ನಲ್ಲಿ ಬಳಸುವ ಪ್ಯಾಕೇಜ್ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾಗಿದೆ, ಹಳೆಯ ವಾರ್ ಫೈಲನ್ನು (ಇಡೀ ಆ್ಯಪ್‌ನ ಕಟ್ಟು) ವೆಬ್‌ಆ್ಯಪ್ಸ್‌ಗೆ ಹಾಕಿದರೆ ನಡೆಯುವುದಿಲ್ಲ. 'ವೆಬ್‌ಆ್ಯಪ್ಸ್-ಜಾವಾಇಇ' ಅನ್ನುವ ಫೋಲ್ಡರ್‌ಗೆ ಹಾಕಿದರೆ ಟಾಮ್‌ಕ್ಯಾಟೇ ಪರಿವರ್ತಿಸಿಕೊಳ್ಳುತ್ತದೆ. ಪ್ರೊಡಕ್ಷನ್‌ನಲ್ಲಿ ಆ ಅಡ್ಡದಾರಿ ಬೇಡ. ಬಿಲ್ಡ್‌ನಲ್ಲೇ, ಈ ಹೆಸರುಗಳನ್ನು ಬದಲಿಸಿಕೊಡುವ ಮೈಗ್ರೇಷನ್ ಟೂಲ್ ಓಡಿಸಿ. ಟೆಸ್ಟ್ ಮಾಡಿದ ಫೈಲೇ ಸರ್ವರ್‌ಗೆ ಹೋಗಬೇಕು.

6. ನಂಬರ್, ತಾರೀಕು

ಟಾಮ್‌ಕ್ಯಾಟ್ ತಯಾರಿಸುವ ಅಪಾಚೆ ಸಂಸ್ಥೆಯಲ್ಲಿ ಕನಿಷ್ಠ ಮೂರು ಒಪ್ಪಿಗೆ ಮತ ಬೀಳದೆ ರಿಲೀಸ್ ಆಗುವುದಿಲ್ಲ. ಒಪ್ಪಿಗೆ ಸಿಗದೆ ಬಿದ್ದುಹೋದ ಆವೃತ್ತಿಯ ನಂಬರನ್ನು ಮತ್ತೆ ಬಳಸುವುದಿಲ್ಲ. ಚೇಂಜ್‌ಲಾಗ್‌ನಲ್ಲಿ 'ನಾಟ್ ರಿಲೀಸ್ಡ್' ಅಂತ ಬರೆದು ವಿಭಾಗವನ್ನು ಹಾಗೇ ಉಳಿಸುತ್ತಾರೆ. ನೀವೂ ಹಾಗೇ ಮಾಡಿ. ಅಳಿಸಿದರೆ ಆ ವಿಭಾಗದ ಬದಲಾವಣೆಗಳ ಲೆಕ್ಕವೇ ತಪ್ಪಿಹೋಗುತ್ತದೆ. ಮೂಲ ಫೈಲ್‌ನಲ್ಲಿ ನಂಬರ್ ಬದಲು ಒಂದು ಗುರುತು ಇರುತ್ತದೆ, ಬಿಲ್ಡ್ ಮಾಡುವಾಗ ಅಲ್ಲಿ ನಿಜವಾದ ನಂಬರ್ ಬಂದು ಕೂರುತ್ತದೆ. ಬಂದಿದೆಯೋ ಇಲ್ಲವೋ ಅಂತ ತಯಾರಾದ ಜಿಪ್ ಬಿಚ್ಚಿಯೇ ನೋಡಿ.

7. ಬರೆಯದವರ ಕೈಗೆ ಕೊಡಿ

ತಂಡದಲ್ಲಿ ಈ ಕೆಲಸ ಮಾಡದ ಒಬ್ಬರನ್ನು ಕರೆಯಿರಿ. ಟೆಸ್ಟ್ ಸರ್ವರ್ ಮತ್ತು ನಿಮ್ಮ ನೋಟ್ಸ್ ಎರಡೇ ಕೊಟ್ಟು ಅಪ್‌ಗ್ರೇಡ್ ಮಾಡಿಸಿ. ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ನೋಟ್ಸ್‌ನಲ್ಲಿ ಒಂದು ಸಾಲು ಕಡಿಮೆ ಇದೆ ಅಂತಲೇ ಲೆಕ್ಕ. ಬಾಯಲ್ಲಿ ಉತ್ತರ ಹೇಳಬೇಡಿ, ಅಲ್ಲೇ ಫೈಲ್ ತೆರೆದು ಬರೆಯಿರಿ.

ಪ್ಯಾಕೇಜ್ ಹೊರಗೆ ಹೋದ ಮೇಲೆ ತಪ್ಪು ಕಂಡರೆ ಜಿಪ್ ಮುಟ್ಟಬೇಡಿ. ಅದರ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಗುರುತು) ಆಗಲೇ ಜನರ ಕೈಯಲ್ಲಿರುತ್ತದೆ. ಸೈಟ್‌ನಲ್ಲಿರುವ ಪ್ರತಿಯಲ್ಲಿ ತಾರೀಕು ಹಾಕಿ ತಿದ್ದಿ, ಅದೇ ಸಾಲನ್ನು ಮುಂದಿನ ಆವೃತ್ತಿಯ ವಿಭಾಗದಲ್ಲೂ ಸೇರಿಸಿ.