ದೂರದ ಸವಾರಿಗೂ ಮುಂದಿನ ಬಿರುಸಿನ ಅಭ್ಯಾಸಕ್ಕೂ ನಡುವೆ

ಬಳ್ಳಾರಿಯಿಂದ ನಸುಕಿನಲ್ಲಿ ಹೊರಟು ತೋರಣಗಲ್ಲಿನ ಮೇಲೆ ಹೊಸಪೇಟೆಗೆ ಹೋಗಿ ಮರಳಿದರೆ ಸೈಕಲ್ ಸುಮಾರು 125 ಕಿಲೋಮೀಟರ್ ಕ್ರಮಿಸಿರುತ್ತದೆ. ಏಪ್ರಿಲ್ ತಿಂಗಳಾದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೇ ಬಿಸಿಲು ನೆತ್ತಿ ಸುಡಲು ತೊಡಗುತ್ತದೆ. ಭಾನುವಾರ ಹೀಗೆ ದಣಿದವರು ವಾರದ ನಡುವೆ ಮತ್ತೆ ಬಿರುಸಾಗಿ ತುಳಿಯಬೇಕೆಂದಿದ್ದರೆ, ಅದರ ತಯಾರಿಯನ್ನು ಮನೆಯ ಹೊಸ್ತಿಲು ತುಳಿದ ಗಳಿಗೆಯಿಂದಲೇ ಆರಂಭಿಸಬೇಕು.

ಮೊದಲ ಕೆಲಸ ನೀರಿನದು. ಹೊರಡುವ ಮುನ್ನ ಮತ್ತು ಮರಳಿದ ಕೂಡಲೇ, ಬೆವರು ಒರೆಸಿಕೊಂಡು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿರಿ. ಇಳಿದ ಪ್ರತಿ ಕಿಲೋಗ್ರಾಂಗೆ 1.25ರಿಂದ 1.5 ಲೀಟರ್ ದ್ರವವನ್ನು ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಬೆವರಿನೊಂದಿಗೆ ಉಪ್ಪೂ ಹೋಗಿರುವುದರಿಂದ ಬರಿಯ ನೀರನ್ನೇ ಒಂದೇ ಸಲ ಗಟಗಟನೆ ಕುಡಿಯುವುದಕ್ಕಿಂತ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಒಳ್ಳೆಯದು. ಮೈಯಲ್ಲಿ ನೀರು ತಗ್ಗಿರುವಾಗ ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಆ ಅಭ್ಯಾಸವನ್ನು ಬಿಡಬೇಕು.

ಎರಡನೆಯದು ಊಟ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಇಂತಹ ಸವಾರಿಯಲ್ಲಿ ಬಹುಪಾಲು ಖರ್ಚಾಗಿರುತ್ತದೆ, ಅದು ಮತ್ತೆ ತುಂಬಲು ಚೆನ್ನಾಗಿ ಉಂಡರೂ ಸುಮಾರು ಒಂದು ದಿನ ಬೇಕು. ಮರುದಿನವೇ ಮತ್ತೆ ಕಷ್ಟದ ಸವಾರಿ ಇದ್ದರೆ ಮೊದಲ ನಾಲ್ಕು ಗಂಟೆಗಳಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಗಂಟೆಗೆ ಒಂದು ಗ್ರಾಂನಷ್ಟು ಪಿಷ್ಟ ಸೇರಬೇಕು. ಅರವತ್ತು ಕಿಲೋ ತೂಗುವವರಿಗೆ ಒಂದು ಗಂಟೆಯ ಪಾಲು ಎಂದರೆ ಒಂದು ಬಟ್ಟಲು ಮೊಸರನ್ನ ಮತ್ತು ಒಂದು ಬಾಳೆಹಣ್ಣು. ಎರಡು ಮೂರು ದಿನ ಬಿಡುವಿದ್ದರೆ ಇಷ್ಟು ಅವಸರ ಬೇಡ, ಹೊತ್ತುಹೊತ್ತಿಗೆ ಹೊಟ್ಟೆತುಂಬ ಉಂಡರೆ ಸಾಕು. ನಾರು ಹೆಚ್ಚಿರುವ ಜೋಳದ ರೊಟ್ಟಿಯನ್ನು ರಾತ್ರಿಗಿಟ್ಟು ದಣಿದ ತಕ್ಷಣ ಅನ್ನವನ್ನೇ ಉಣ್ಣುವುದು ಹೊಟ್ಟೆಗೆ ಹಗುರ. ಬೇಳೆ, ಮೊಟ್ಟೆ, ಮೊಸರುಗಳಿಂದ ಇಪ್ಪತ್ತು ಗ್ರಾಂನಷ್ಟು ಪ್ರೋಟೀನ್ ಆ ಊಟದಲ್ಲಿಯೇ ಇರಲಿ. ಮರಳುವ ದಾರಿಯಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ವಾಸನೆಗೆ ಸೋಲದವರು ನಮ್ಮ ಕಡೆ ವಿರಳ. ಮಂಡಕ್ಕಿಗೆ ನನ್ನ ತಕರಾರಿಲ್ಲ, ಆದರೆ ಎಣ್ಣೆಯಲ್ಲಿ ಮಿಂದ ಮಿರ್ಚಿ ಹೊಟ್ಟೆಯಲ್ಲಿ ಬಹಳ ಹೊತ್ತು ಕುಳಿತುಬಿಡುತ್ತದೆ.

ದಣಿವಾರಲೆಂದು ಕೆಲವರು ಬಳಸುವ ತಣ್ಣೀರಿನ ತೊಟ್ಟಿ, ಬಿಗಿ ಕಾಲುಚೀಲಗಳ ವಿಷಯ ಇಷ್ಟವಿದ್ದವರಿಗೆ ಬಿಟ್ಟದ್ದು. ನಿದ್ದೆಗೆ ಮಾತ್ರ ಬದಲಿಯಿಲ್ಲ.

ಸೋಮವಾರ ಪೂರ್ಣ ವಿಶ್ರಾಂತಿ ಪಡೆಯಬಹುದು, ಇಲ್ಲವೇ ಕಾಲುವೆಯ ಬದಿಯ ಸಮತಟ್ಟಾದ ರಸ್ತೆಯಲ್ಲಿ, ಪಕ್ಕದವರೊಡನೆ ಏದುಸಿರಿಲ್ಲದೆ ಮಾತನಾಡುವಷ್ಟು ನಿಧಾನವಾಗಿ ಅರ್ಧ ಗಂಟೆ ತುಳಿಯಬಹುದು. ಸೈಕಲ್ ತುಳಿತದಲ್ಲಿ ಓಟದಂತೆ ಕಾಲು ನೆಲಕ್ಕೆ ಬಡಿಯುವುದಿಲ್ಲವಾದ್ದರಿಂದ ಮೈಕೈ ನೋವು ಕಡಿಮೆ. ಹಾಗೆಂದು ನೋವಿಲ್ಲದಿರುವುದನ್ನೇ ಚೇತರಿಕೆಯೆಂದು ತಿಳಿಯುವುದು ಮೋಸಹೋದಂತೆ. ಅದಕ್ಕಿಂತ ಬೆಳಿಗ್ಗೆ ಹಾಸಿಗೆಯಲ್ಲಿಯೇ ನಾಡಿ ಎಣಿಸಿರಿ. ವಾಡಿಕೆಗಿಂತ ಐದಾರು ಬಡಿತ ಹೆಚ್ಚಿದ್ದು, ನಿದ್ದೆಯೂ ಸರಿಯಿಲ್ಲದೆ, ಮೆಟ್ಟಿಲು ಹತ್ತುವಾಗ ತೊಡೆ ಭಾರವೆನಿಸಿದರೆ ಬುಧವಾರದ ಅಭ್ಯಾಸವನ್ನು ಗುರುವಾರಕ್ಕೆ ತಳ್ಳುವುದೇ ಸರಿ.

ಬಿರುಸಿನ ದಿನ ಇಪ್ಪತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಂಡ ಮೇಲೆ ನಾಲ್ಕು ನಿಮಿಷ ಬಿರುಸಾಗಿ ತುಳಿಯುವ ನಾಲ್ಕು ಸುತ್ತುಗಳು, ಅವುಗಳ ನಡುವೆ ಮೂರು ನಾಲ್ಕು ನಿಮಿಷ ಬಿಡುವು. ಈ ಬಿಡುವಿನಲ್ಲಿ ಸೈಕಲ್‌ನಿಂದ ಇಳಿದು ನಿಲ್ಲಬಾರದು. ಹಗುರ ಗೇರಿನಲ್ಲಿ ಕಾಲಾಡಿಸುತ್ತಿದ್ದರೆ ಬಿರುಸಿನ ಶ್ರಮದಿಂದ ಸ್ನಾಯುಗಳಲ್ಲಿ ಕೂಡಿದ ಲ್ಯಾಕ್ಟೇಟ್ ಎಂಬ ವಸ್ತು ಬೇಗ ಕರಗುತ್ತದೆ, ರಕ್ತ ಕಾಲುಗಳಲ್ಲಿಯೇ ನಿಂತು ತಲೆ ಸುತ್ತುವುದೂ ತಪ್ಪುತ್ತದೆ. ಹತ್ತು ಹದಿನೈದು ಸೆಕೆಂಡಿನ ಪೂರ್ಣ ಬಲದ ತುಳಿತಗಳ ಲೆಕ್ಕ ಬೇರೆ: ಅವು ಚಿಕ್ಕವೆಂದು ಬಿಡುವನ್ನೂ ಮೊಟಕುಗೊಳಿಸುವವರಿದ್ದಾರೆ, ಆದರೆ ಆ ಕ್ಷಣದ ಶಕ್ತಿಯನ್ನು ಒದಗಿಸುವ ಕ್ರಿಯಾಟಿನ್ ಫಾಸ್ಫೇಟ್ ಬಹುತೇಕ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ.

ಸೆಖೆಯಲ್ಲಿ ಅದೇ ಶ್ರಮಕ್ಕೆ ಎದೆಬಡಿತ ಏರುತ್ತದೆ, ಬಿಡುವಿನಲ್ಲಿ ಇಳಿಯುವುದೂ ತಡ. ಕತ್ತಿನ ಹಿಂಬದಿಗೆ ನೀರು ಸುರಿದುಕೊಂಡು ಇನ್ನೊಂದು ನಿಮಿಷ ಕಾಯಿರಿ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವ ದಿನಗಳಲ್ಲಿ ವೇಗದ ಅಂಕಿಯನ್ನೂ ನಂಬಲಾಗದು, ಉಸಿರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಒಂದೇ ದಿಕ್ಕಿನ ಸುತ್ತುಗಳಲ್ಲಿ ಮೂರನೆಯದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಸೊರಗಿದರೆ ನಾಲ್ಕನೆಯದನ್ನು ಕೈಬಿಟ್ಟು ನಿಧಾನವಾಗಿ ಮನೆ ಸೇರಿರಿ. ಬಿಟ್ಟುಹೋದ ಸುತ್ತನ್ನು ಮರುದಿನದ ಲೆಕ್ಕಕ್ಕೆ ಸೇರಿಸಬೇಡಿರಿ.