ಮನೆ ಸಾಲಕ್ಕೆ ಮುಂಚೆ 12 ತಿಂಗಳ ಬಾಡಿಗೆ ದಾಖಲೆ ಜೋಡಿಸಿದ ನನ್ನ ಅನುಭವ

ಅಮೆರಿಕಕ್ಕೆ ಬಂದು ಎಂಟು ವರ್ಷ ಆಯ್ತು, ಒಂದು ತಿಂಗಳೂ ಬಾಡಿಗೆ ತಪ್ಪಿಸಿದವನಲ್ಲ ನಾನು. ಅದಕ್ಕೇ ಪ್ರಿ-ಅಪ್ರೂವಲ್‌ಗೆ (ಮನೆ ತಗೊಳ್ಳೋ ಮುಂಚೆ ಎಷ್ಟು ಸಾಲ ಸಿಗಬಹುದು ಅಂತ ಬ್ಯಾಂಕಿಂದ ಬರೆಸ್ಕೊಳ್ಳೋದು) ಹೋದಾಗ ಲೋನ್ ಆಫೀಸರ್ "ಹಿಂದಿನ 12 ತಿಂಗಳು ಬಾಡಿಗೆ ಕಟ್ಟಿರೋದಕ್ಕೆ ದಾಖಲೆ ಕೊಡಿ" ಅಂದಾಗ ಇದೇನು ದೊಡ್ಡ ವಿಷ್ಯ, ಸಂಜೆನೇ ಕಳಿಸ್ತೀನಿ ಅಂದುಬಿಟ್ಟೆ. ಎಲ್ಲಾ ಜೋಡ್ಸಿ ಕಳಿಸೋ ಹೊತ್ತಿಗೆ ಐದು ವಾರ ಹಿಡೀತು.

ಅವರು ಕೇಳಿದ್ದಕ್ಕೆ ಕಾರಣ ನನ್ನ ಕ್ರೆಡಿಟ್ ರಿಪೋರ್ಟು, ಅಂದ್ರೆ ತಗೊಂಡ ಸಾಲ ಹೇಗೆ ತೀರಿಸಿದೀವಿ ಅನ್ನೋ ದಾಖಲೆ. ಅದರಲ್ಲಿ ಇದ್ದಿದ್ದು ಒಂದೇ ಕಾರ್ಡು, ಕಾರು ಕೂಡ ದುಡ್ಡು ಕೂಡಿಟ್ಟು ತಗೊಂಡಿದ್ದೆ, ಸಾಲ ಇಲ್ಲದೆ ಬದುಕಬೇಕು ಅಂತ ಮನೇಲಿ ಹೇಳಿ ಬೆಳೆಸಿದ್ರು ನಮ್ಮನ್ನ. ತಿಂಗಳು ತಿಂಗಳು ಕಟ್ಟೋ ಬಾಡಿಗೆ ಇಲ್ಲಿ ತಾನಾಗೇ ಕ್ರೆಡಿಟ್ ರಿಪೋರ್ಟಿಗೆ ಹೋಗಲ್ಲ, ಓನರ್ ಕಡೆಯಿಂದ್ಲೋ ಯಾವುದಾದ್ರೂ ಸರ್ವೀಸ್ ಮೂಲಕಾನೋ ರಿಪೋರ್ಟ್ ಆದ್ರೆ ಮಾತ್ರ ಕಾಣುತ್ತೆ. ಕೈಯಲ್ಲಿ ಡೌನ್ ಪೇಮೆಂಟಿಗೆ ಜಾಸ್ತಿ ಇರ್ಲಿಲ್ಲ, ಅದಕ್ಕೆ 3.5% ಕೊಟ್ರೆ ಸಾಕಾಗೋ ಎಫ್‌ಎಚ್‌ಎ ಲೋನ್ (ಇಲ್ಲಿನ ಸರ್ಕಾರಿ ಸಂಸ್ಥೆ ಇನ್ಶೂರ್ ಮಾಡೋ ಮನೆ ಸಾಲ) ನೋಡ್ತಿದ್ವಿ. ಒಳ್ಳೇದಾಗಿದ್ದು ಏನಂದ್ರೆ 2022ರ ಅಕ್ಟೋಬರ್ ಕೊನೆಯಿಂದ ಎಫ್‌ಎಚ್‌ಎ ಸ್ಕೋರಿಂಗ್ ಸಿಸ್ಟಮ್ಮು, ಮೊದಲ ಸಲ ಮನೆ ತಗೊಳ್ಳೋರಿಗೆ ಬಾಡಿಗೆ ಸರಿಯಾಗಿ ಕಟ್ಟಿರೋದನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ತಿಂಗಳಿಗೆ 300 ಡಾಲರ್ ಅಥವಾ ಜಾಸ್ತಿ ಬಾಡಿಗೆ ಇರ್ಬೇಕು, 12 ತಿಂಗಳೂ ಆಯಾ ತಿಂಗಳ ಒಳಗೇ ಕಟ್ಟಿರ್ಬೇಕು. ಈ ಕೊನೇ ಮಾತು ಕೇಳಿ ನನಗೆ ಜೀವ ಬಂದಂಗಾಯ್ತು, ಯಾಕಂದ್ರೆ ಒಂದು ತಿಂಗಳು ಸಂಬಳ ಲೇಟಾಗಿ 6ನೇ ತಾರೀಖು ಕಟ್ಟಿದ್ದೆ, ಅದೇ ಮುಳುವಾಗುತ್ತೆ ಅಂತ ಎರಡು ರಾತ್ರಿ ನಿದ್ದೆ ಮಾಡಿರ್ಲಿಲ್ಲ.

ಕೊಡಬೇಕಾಗಿದ್ದು ಸಹಿ ಆಗಿರೋ ಲೀಸು (ಬಾಡಿಗೆ ಕರಾರು), ಅದ್ರ ಜೊತೆಗೆ ಬಾಡಿಗೆ ಹೋಗಿರೋದನ್ನ ತೋರ್ಸೋ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಅಥವಾ ಕ್ಯಾಶ್ ಆಗಿರೋ ಚೆಕ್ಕುಗಳು, ಇಲ್ಲಾ ಅಂದ್ರೆ ನಮ್ಮ ಸಂಬಂಧಿಕರಲ್ಲದ ಓನರ್ ಬರೆದುಕೊಡೋ ವೆರಿಫಿಕೇಶನ್. ನಮ್ಮ ಓನರ್ ವಯಸ್ಸಾದವರು, ಒಳ್ಳೇ ಮನುಷ್ಯ, ಆದ್ರೆ ಬ್ಯಾಂಕಿಂದ ಫಾರ್ಮ್ ಬರುತ್ತೆ ಅಂದ ತಕ್ಷಣ ಇದು ತೆರಿಗೆ ವಿಚಾರಕ್ಕೇನಾದ್ರೂ ಹೋಗುತ್ತಾ ಅಂತ ಗಾಬರಿ ಬಿದ್ರು. ಒತ್ತಾಯ ಮಾಡೋಕೆ ಮನಸ್ಸು ಬರ್ಲಿಲ್ಲ. ಸರಿ, ಸ್ಟೇಟ್‌ಮೆಂಟ್ ದಾರಿ ಹಿಡಿದೆ.

ಅಲ್ಲೇ ತೊಡಕು ಶುರುವಾಗಿದ್ದು. ಏಳು ತಿಂಗಳು ನನ್ನ ಅಕೌಂಟಿಂದ ಝೆಲ್ (ಫೋನಲ್ಲೇ ಬ್ಯಾಂಕಿಂದ ಬ್ಯಾಂಕಿಗೆ ದುಡ್ಡು ಕಳಿಸೋ ಸರ್ವೀಸ್) ಮಾಡಿದ್ದೆ, ಅದು ಸಲೀಸು. ಮೂರು ತಿಂಗಳು ಹೆಂಡ್ತಿ ಅಕೌಂಟಿಂದ ಹೋಗಿತ್ತು, ಅವಳ ಹೆಸರು ಲೋನಲ್ಲಿಲ್ಲ. ಇನ್ನೆರಡು ತಿಂಗಳು ಓನರ್ ಫೋನ್ ಕೆಟ್ಟು ಝೆಲ್ ಬೇಡ ಅಂದಿದ್ರಿಂದ ಪೋಸ್ಟಾಫೀಸಲ್ಲಿ ಮನಿ ಆರ್ಡರ್ (ಇಲ್ಲಿ ಅದು ದುಡ್ಡು ಮುಂಚೇನೇ ಕಟ್ಟಿ ತಗೊಳ್ಳೋ ಚೆಕ್ ಥರದ್ದು) ತಗೊಂಡು ಕೊಟ್ಟಿದ್ದೆ. ಇದೆಲ್ಲ ಸಾಲದು ಅಂತ ಲೀಸಲ್ಲಿ ಇರೋದು 1,600 ಡಾಲರ್, ಅಕೌಂಟಿಂದ ಹೋಗಿರೋದು 1,650, ಯಾಕಂದ್ರೆ ನೀರಿನ ಬಿಲ್ಲಿಗೆ 50 ಸೇರಿಸಿ ಕೊಡಿ ಅಂತ ಬಾಯಿಮಾತಲ್ಲಿ ಆಗಿತ್ತು. ನಮಗೆ ಅದು ಗೊತ್ತು, ಆದ್ರೆ ಎಲ್ಲೋ ಕೂತು ನಮ್ಮ ಫೈಲ್ ನೋಡಿ ಸಾಲ ಕೊಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಅಂಡರ್‌ರೈಟರ್‌ಗೆ ಹೇಗೆ ಗೊತ್ತಾಗ್ಬೇಕು.

ಹೆಂಡ್ತಿ ಅಕೌಂಟಿಂದು ಹೇಗೋ ಬಗೆಹರೀತು, ಲೀಸಲ್ಲಿ ಇಬ್ಬರ ಹೆಸರೂ ಇತ್ತು, ಆ ಮೂರು ತಿಂಗಳ ಅವಳ ಸ್ಟೇಟ್‌ಮೆಂಟ್ ಕೊಟ್ಟು ಒಂದು ಲೆಟರ್ ಆಫ್ ಎಕ್ಸ್‌ಪ್ಲನೇಶನ್ (ವಿವರಣೆ ಪತ್ರ) ಬರೆದೆ. 50 ಡಾಲರಿಗೂ ಅದೇ ಲೆಟರಲ್ಲಿ ಎರಡು ಸಾಲು, ಜೊತೆಗೆ ಓನರ್ ಆವತ್ತು ಕಳಿಸಿದ್ದ ಮೆಸೇಜು. ಲೆಟರ್ ಅಂದ್ರೆ ಕಥೆ ಬರೆಯೋದಲ್ಲ, ಯಾವ ತಾರೀಖು, ಎಷ್ಟು, ಯಾರಿಗೆ, ಯಾಕೆ, ಕೆಳಗೆ ಸಹಿ, ಅಷ್ಟೇ. ನನ್ನ ಮೊದಲನೇ ಲೆಟರು ಒಂದೂವರೆ ಪುಟ ಇತ್ತು, ಲೋನ್ ಆಫೀಸರ್ ಅದನ್ನ ವಾಪಸ್ ಕಳಿಸಿ ಆರು ಸಾಲಿಗೆ ಇಳಿಸಿ ಅಂದ್ರು.

ಜಾಸ್ತಿ ದಿನ ತಿಂದಿದ್ದು ಮನಿ ಆರ್ಡರು. ಪೋಸ್ಟಾಫೀಸಿನ ಮನಿ ಆರ್ಡರ್ ಕ್ಯಾಶ್ ಆಗಿದ್ಯಾ ಅಂತ ವಿಚಾರಿಸೋಕೆ 6401 ಅನ್ನೋ ಫಾರ್ಮ್ ಇದೆ, ಫೀ ಕಟ್ಟಿ ಕೊಟ್ರೆ ಕ್ಯಾಶ್ ಆಗಿರೋದ್ರ ಕಾಪಿ ಬರುತ್ತೆ, ಆದ್ರೆ ಸೀರಿಯಲ್ ನಂಬರ್ ಬೇಕು, ಅಂದ್ರೆ ಕೌಂಟರಲ್ಲಿ ಹರಿದು ಕೊಡ್ತಾರಲ್ಲ ಆ ಚೀಟಿ ಇರ್ಬೇಕು. ಒಂದು ಚೀಟಿ ಪರ್ಸಲ್ಲೇ ಸಿಕ್ತು. ಇನ್ನೊಂದಕ್ಕೆ ಇಡೀ ಮನೆ ತಡಕಾಡಿದ್ವಿ, ಕೊನೆಗೆ ಹೆಂಡ್ತಿ ಕರೆಂಟ್ ಬಿಲ್ಲಿನ ಕವರ್ ಒಳಗಿಂದ ತೆಗೆದು ಕೊಟ್ಟಳು. ಅವಳು ಅದನ್ನ ಎತ್ತಿಟ್ಟಿರ್ಲಿಲ್ಲ ಅಂದ್ರೆ ಆ ತಿಂಗಳು ಕಟ್ಟೇ ಇಲ್ಲ ಅನ್ನೋ ಲೆಕ್ಕಕ್ಕೆ ಬರ್ತಿತ್ತು.

ಸ್ಟೇಟ್‌ಮೆಂಟ್ ಬಗ್ಗೆ ಇನ್ನೊಂದು ಹೇಳ್ಬೇಕು. ಸ್ಕ್ರೀನ್‌ಶಾಟ್ ತಗೊಳ್ಳಲ್ಲ, ಬ್ಯಾಂಕಿಂದ ಇಳಿಸಿದ ಪಿಡಿಎಫ್ಫೇ ಬೇಕು, "1 ಆಫ್ 6" ಅಂತಿದ್ರೆ ಆರೂ ಪುಟ ಬೇಕು, ಕೊನೇ ಪುಟ ಖಾಲಿ ಇದ್ರೂ. ನಾನು ಖಾಲಿ ಪುಟ ಬಿಟ್ಟು ಕಳಿಸಿ ನಾಲ್ಕು ದಿನ ಕಳ್ಕೊಂಡೆ. ಆಮೇಲೆ ಬಾಡಿಗೆ ತೋರ್ಸೋಕೆ ಅಂತ ಒಂದು ವರ್ಷದ ಸ್ಟೇಟ್‌ಮೆಂಟ್ ಕೊಟ್ಟಾಗ ಅದರಲ್ಲಿರೋ ಬೇರೆ ಎಲ್ಲವೂ ಅವರ ಕಣ್ಣಿಗೆ ಬೀಳುತ್ತೆ. ನನ್ನ ಫ್ರೆಂಡ್ ಕೈಗಡ ತಗೊಂಡಿದ್ದ 2,800 ಡಾಲರ್ ವಾಪಸ್ ಹಾಕಿದ್ದ, ಅದು ಎಲ್ಲಿಂದ ಬಂತು ಅಂತ ಕೇಳಿದ್ರು. ಅವನಿಗೆ ಫೋನ್ ಮಾಡಿ "ಲೋ, ಆವಾಗ ನಾನು ನಿಂಗೆ ಕಳಿಸಿದ್ದು ಯಾವ ತಾರೀಖೋ?" ಅಂತ ಕೇಳಿ, ಹೋಗಿದ್ದು ಬಂದಿದ್ದು ಎರಡನ್ನೂ ತೋರ್ಸಿದ ಮೇಲೆ ಬಿಟ್ರು.

ಆರನೇ ವಾರದ ಮಂಗಳವಾರ ಪ್ರಿ-ಅಪ್ರೂವಲ್ ಲೆಟರ್ ಬಂತು. ಅವತ್ತಿಂದ ಬಾಡಿಗೆ ನನ್ನ ಅಕೌಂಟಿಂದ್ಲೇ, 1ನೇ ತಾರೀಖಿಗೇ, ಮೆಮೋದಲ್ಲಿ ಯಾವ ತಿಂಗಳ ಬಾಡಿಗೆ ಅಂತ ಬರೆದೇ ಕಳಿಸ್ತಿದೀನಿ, ಯಾಕಂದ್ರೆ ಕ್ಲೋಸಿಂಗ್ (ಸಾಲ ಕೈಗೆ ಬಂದು ಮನೆ ನಮ್ಮ ಹೆಸರಿಗೆ ಆಗೋದು) ಮುಂಚೆ ಇನ್ನೊಂದು ಸಲ ಹೊಸ ಸ್ಟೇಟ್‌ಮೆಂಟ್ ಕೇಳಬಹುದು ಅಂತ ಲೋನ್ ಆಫೀಸರ್ ಹೇಳಿದಾರೆ.