ಹಳೆಯ ಪಿಕಪ್ ಗಾಡಿ ಕೊಳ್ಳುವಾಗ ನಾನು ಅಡಿಯಿಂದ ನೋಡಲು ಕಲಿತದ್ದು

ಬೆಂಗಳೂರಿನ ಪೀಣ್ಯ ಎರಡನೇ ಹಂತದ ವರ್ಕ್‌ಶಾಪ್‌ಗಳಿಂದ ಎರಕದ ಬಿಡಿಭಾಗಗಳನ್ನು, ಲೋಹವನ್ನು ಕಾಯಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಘಟಕಗಳಿಗೆ ಸಾಗಿಸುವುದು ನನ್ನ ಉದ್ಯೋಗ. ಎರಕದ ಕಬ್ಬಿಣಕ್ಕೆ ಬೇಕಾಗುವ ಜಾಗ ಕಡಿಮೆ, ತೂಕ ಮಾತ್ರ ವಿಪರೀತ. ಬಾಡಿ ಅರ್ಧ ತುಂಬುವಷ್ಟರಲ್ಲೇ ಗಾಡಿ ತನ್ನ ಮಿತಿಯನ್ನು ಮುಟ್ಟಿರುತ್ತದೆ. 2018ರಲ್ಲಿ ಮೊದಲ ಬಾರಿಗೆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡಾಗ ನಾನು ನೋಡಿದ್ದು ಬಣ್ಣ, ಟೈರು, ಇಂಜಿನ್ನಿನ ಸದ್ದು ಮತ್ತು ಮೀಟರಿನಲ್ಲಿದ್ದ ಕಿಲೋಮೀಟರು. ಐದನೆಯ ತಿಂಗಳಲ್ಲಿ ಕ್ಯಾಬಿನ್ನಿನ ಹಿಂಬದಿಯಲ್ಲಿ ಚಾಸಿಸ್ (ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟು) ಬಿರುಕು ಬಿಟ್ಟಿತು. ಅದೇ ಜಾಗದಲ್ಲಿ ಹಿಂದೆ ಒಮ್ಮೆ ವೆಲ್ಡಿಂಗ್ ಮಾಡಿ, ಗುರುತು ಕಾಣದಂತೆ ದಪ್ಪನೆಯ ಕಪ್ಪು ಬಣ್ಣ ಬಳಿದಿದ್ದರೆಂಬುದು ಗ್ಯಾರೇಜಿನಲ್ಲಿ ಕೆರೆದು ನೋಡಿದಾಗ ತಿಳಿಯಿತು. ಹದಿನೇಳು ದಿನ ಬಾಡಿಗೆ ಗಾಡಿ ಹಿಡಿದು ಒಪ್ಪಿಕೊಂಡ ಕೆಲಸ ಮುಗಿಸಿಕೊಟ್ಟೆ. 2024ರಲ್ಲಿ ಎರಡನೆಯ ಗಾಡಿ ಹುಡುಕಲು ಹೊರಟಾಗ ನೋಡುವ ಕ್ರಮವನ್ನೇ ಬದಲಿಸಿಕೊಂಡೆ: ಮೊದಲು ಗಾಡಿಯ ಅಡಿಭಾಗ, ಆಮೇಲೆ ಇಂಜಿನ್, ಮೇಲಿನ ಅಂದ ಕೊನೆಗೆ.

ಲೋಡ್ ಗಾಡಿಯ ಮಟ್ಟಿಗೆ ಎಷ್ಟು ಓಡಿದೆ ಎನ್ನುವುದಕ್ಕಿಂತ ಏನನ್ನು ಹೊತ್ತು ಓಡಿದೆ ಎನ್ನುವುದೇ ಮುಖ್ಯವೆಂದು ನಾನು ನಂಬಿದ್ದೇನೆ. ಒಂದು ಲಕ್ಷ ಕಿಲೋಮೀಟರು ಸೊಪ್ಪು ತರಕಾರಿ ಹೊತ್ತ ಗಾಡಿಯೂ ಅಷ್ಟೇ ದೂರ ಎಂ-ಸ್ಯಾಂಡ್ ಹೊತ್ತ ಗಾಡಿಯೂ ಒಂದೇ ಅಲ್ಲ. ಕಿಲೋಮೀಟರಿನ ವಿಷಯದಲ್ಲಿ ತೇಲಿಸಿ ಮಾತನಾಡುವ ಮಾಲೀಕರು ಸರಕಿನ ವಿಷಯವನ್ನು ಸಾಮಾನ್ಯವಾಗಿ ಮುಚ್ಚಿಡುವುದಿಲ್ಲ. ಅದರಿಂದ ಬೆಲೆ ಇಳಿಯಬಹುದೆಂದು ಅವರಿಗೆ ತೋಚುವುದೇ ಇಲ್ಲ. ಕೆ.ಆರ್. ಪುರದ ಹತ್ತಿರ ನೋಡಿದ ಮೊದಲ ಗಾಡಿಯವರು, ತಮ್ಮದು ಮೀನಿನ ಬಾಡಿಗೆ, ವಾರಪೂರ್ತಿ ಕೆಲಸವಿತ್ತು ಎಂದು ಹೆಮ್ಮೆಯಿಂದಲೇ ಹೇಳಿದರು. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಸಂದುಗಳಿಂದ ಸೋರಿ ಹಿಂಬದಿಯ ಅಡ್ಡಪಟ್ಟಿಯ ಮೇಲೆ ನಿಲ್ಲುತ್ತದೆ. ನಾನು ಅಡಿಯಲ್ಲಿ ಮಲಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಿ ತಟ್ಟಿದಾಗ ಟಣ್ಣೆನ್ನುವ ಬದಲು ಮಂಕಾದ ಸದ್ದು ಬಂತು, ತುಕ್ಕು ಹಪ್ಪಳದಂತೆ ಪದರ ಪದರವಾಗಿ ಎದೆಯ ಮೇಲೆ ಉದುರಿತು. ಇಂಜಿನ್ ಸ್ಟಾರ್ಟ್ ಮಾಡಿಸದೆಯೇ ಹಿಂದಿರುಗಿದೆ.

ಎರಡನೆಯದು ಜಾಲಹಳ್ಳಿ ಕ್ರಾಸಿನ ಬಳಿ, ದಲ್ಲಾಳಿಯೊಬ್ಬರ ಮೂಲಕ ನೋಡಿದ್ದು. "ಕಣ್ಮುಚ್ಚಿಕೊಂಡು ತಗೊಳ್ಳಿ ಸಾರ್" ಎಂದರು. ನಾನು ಕರೆದೊಯ್ದಿದ್ದ ಮೇಸ್ತ್ರಿ ಸ್ಟೀರಿಂಗ್ ನೇರ ಮಾಡಿಸಿ, ಟೇಪ್ ಹಿಡಿದು ಎಡಗಡೆಯ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆದರು, ಬಲಗಡೆಯೂ ಹಾಗೆಯೇ ಅಳೆದರು. ಎರಡರ ನಡುವೆ 18 ಮಿಲಿಮೀಟರ್ ವ್ಯತ್ಯಾಸವಿತ್ತು, ಅಂದರೆ ಚಾಸಿಸ್ ಸೊಟ್ಟಗಾಗಿರಬಹುದು. ಹಿಂದಿನ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟಿನಲ್ಲಿ ಕಂಪನಿಯ ರಿವೆಟ್ ಇರಬೇಕಾದ ಕಡೆ ಎರಡು ಬೋಲ್ಟುಗಳಿದ್ದವು. "ಅಣ್ಣಾ, ಇಲ್ಲಿ ಬೆರಳಿಟ್ಟು ನೋಡಿ" ಎಂದು ಅವರು ನನ್ನ ಕೈಯನ್ನು ಆ ಕಡೆಗೆ ಒಯ್ದರು. ಕಣ್ಣಿಗೆ ಬೀಳದ ವೆಲ್ಡಿಂಗಿನ ಉಬ್ಬು ಬಣ್ಣದಡಿಯಲ್ಲಿ ಬೆರಳಿಗೆ ಸ್ಪಷ್ಟವಾಗಿ ತಾಗಿತು. ಚಾಸಿಸ್ಸನ್ನು ಕಣ್ಣಿನಷ್ಟೇ ಕೈಯಿಂದಲೂ ನೋಡಬೇಕೆಂದು ನಾನು ಕಲಿತದ್ದು ಅಂದೇ.

ಮೂರನೆಯದು 2018ರ ಬೊಲೆರೊ ಪಿಕಪ್, ನೆಲಮಂಗಲದ ಕಡೆಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಯದು. ಅಳತೆ ಸರಿಯಾಗಿತ್ತು, ರಿವೆಟ್‌ಗಳು ಹಾಗೆಯೇ ಇದ್ದವು. ಆದರೆ ಹಿಂದಿನ ಸ್ಪ್ರಿಂಗಿನಲ್ಲಿ ಎರಡೂ ಬದಿಗೆ ಒಂದೊಂದು ಹೆಚ್ಚುವರಿ ಬ್ಲೇಡ್ (ಉಕ್ಕಿನ ಪಟ್ಟಿ) ಸೇರಿಸಿದ್ದರು. ಹೆಚ್ಚು ಲೋಡ್ ಹಾಕಿದಾಗ ಗಾಡಿ ಕೂರದಿರಲೆಂದು ಹೀಗೆ ಮಾಡುತ್ತಾರೆ, ಆದರೆ ಆ ಭಾರ ಮಾಯವಾಗುವುದಿಲ್ಲ, ಅದನ್ನು ಆಕ್ಸಲ್ ಮತ್ತು ಚಾಸಿಸ್ ಹೊರುತ್ತವೆ. ಹತ್ತಿರದ ವೇಬ್ರಿಡ್ಜಿನಲ್ಲಿ ಖಾಲಿ ಗಾಡಿಯನ್ನು ತೂಗಿಸಿದಾಗ ಆರ್‌ಸಿಯಲ್ಲಿ ನಮೂದಾಗಿದ್ದ ಖಾಲಿ ತೂಕಕ್ಕಿಂತ 140 ಕೆಜಿ ಹೆಚ್ಚು ಬಂತು. ಬ್ಲೇಡ್ ಜೊತೆಗೆ ಬಾಡಿಯೊಳಗೆ ಹೊಡೆಸಿದ್ದ ದಪ್ಪ ತಗಡಿನ ನೆಲಹಾಸು ಇದಕ್ಕೆ ಕಾರಣ. ಒಟ್ಟು ತೂಕದ ಮಿತಿ ಬದಲಾಗುವುದಿಲ್ಲವಾದ್ದರಿಂದ ಕಾನೂನುಬದ್ಧವಾಗಿ ಹೇರಬಹುದಾದ ಸರಕು ಅಷ್ಟು ಕೆಜಿ ಕಡಿಮೆಯಾಗುತ್ತದೆ. ನನ್ನಂಥವರಿಗೆ ಇದು ಪ್ರತಿ ಟ್ರಿಪ್ಪಿನ ನಷ್ಟ. ತೂಕದ ಚೀಟಿಯನ್ನು ಮುಂದಿಟ್ಟುಕೊಂಡೇ ಬೆಲೆಯ ಮಾತು ಆರಂಭಿಸಿದೆ.

ಇಂಜಿನ್ ನೋಡಲು ಮರುದಿನ ಬೆಳಿಗ್ಗೆ ಆರೂವರೆಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡಿದ್ದೆ. ಬಾನೆಟ್ ಮುಟ್ಟಿ ತಣ್ಣಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೀಲಿ ತಿರುಗಿಸಿದೆ, ಏಕೆಂದರೆ ಬಿಸಿ ಇಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜಿನ್ನನ್ನು ತಣಿಸುವ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಇವೆರಡೂ ಇರಲಿಲ್ಲ. ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಒತ್ತಿ ಬರಲಿಲ್ಲ, ಕ್ಯಾಪಿನ ಒಳಮೈಯಲ್ಲಿ ಬೆಣ್ಣೆಯಂಥ ಲೇಪವೂ ಇರಲಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ಹಿಂದಿನ ಎರಡರಲ್ಲಿ 3219 ಎಂದಿತ್ತು, ಅಂದರೆ ಐದು ವರ್ಷದ ಹತ್ತಿರ, ಬದಲಿಸಲೇಬೇಕು.

ಖಾಲಿ ಗಾಡಿ ಓಡಿಸಿ ನೋಡುವುದರಿಂದ ಹೆಚ್ಚೇನೂ ತಿಳಿಯದು. ಮಾಲೀಕರು ಹಿರಿಯರು, ಸಹನೆಯುಳ್ಳವರು. ತಮ್ಮ ಅಂಗಡಿಯ ಸಿಮೆಂಟ್ ಚೀಲಗಳನ್ನೇ 20 ಹೇರಿಸಿಕೊಟ್ಟರು, ಅಂದರೆ ಒಂದು ಟನ್. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದಾಗ ಕ್ಲಚ್ ಜಾರಲಿಲ್ಲ. ಗೇರ್ ಬದಲಿಸಿದಾಗಲೆಲ್ಲ ಅಡಿಯಿಂದ 'ಟಕ್' ಎಂಬ ಪೆಟ್ಟು ಕೇಳಿಸಿತು, ಅದು ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಜಾಯಿಂಟ್ ಶಾಫ್ಟಿನ ಕ್ರಾಸ್ ಸವೆದಿರುವ ಲಕ್ಷಣ, ಸಣ್ಣ ಖರ್ಚು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಆಕ್ಸಲಿನಿಂದ ಊಳಿಡುವ ಸದ್ದೇನಾದರೂ ಬಂದಿದ್ದರೆ, ಅದರೊಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಹೋಗಿದೆಯೆಂದು ಬಿಟ್ಟು ಬರುತ್ತಿದ್ದೆ.

ಕಾಗದಪತ್ರದ ವಿಷಯಕ್ಕೆ ಬಂದರೆ, ಗಾಡಿಯ ಚಾಸಿಸ್ ಸಂಖ್ಯೆಯ ಮೇಲೆ ತೆಳು ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಡನೆ ಅಂಕಿ ಅಂಕಿ ಹೋಲಿಸಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಉಳಿದಿತ್ತು. ಎನ್‌ಒಸಿ (ಸಾಲ ತೀರಿದೆಯೆಂದು ಆ ಕಂಪನಿ ಕೊಡುವ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಸಲ್ಲಿಸಿ ಅದನ್ನು ತೆಗೆಸುವವರೆಗೆ ಮುಂಗಡವನ್ನಷ್ಟೇ ಕೊಟ್ಟಿದ್ದೆ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕಾದ್ದರಿಂದ 2026ರ ನಂತರದ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದೆ. ಬಾಕಿ ಇದ್ದ ಮೂರು ಇ-ಚಲನ್‌ಗಳನ್ನು ಅವರೇ ಕಟ್ಟಿದರು. 5.40 ಲಕ್ಷ ಹೇಳಿದ್ದ ಗಾಡಿ 4.85 ಲಕ್ಷಕ್ಕೆ ಕುದುರಿತು. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಹದಿನಾಲ್ಕು ದಿನದೊಳಗೆ ವಿಮೆಯನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟೆ. ಮೊದಲ ವಾರವೇ ಕ್ರಾಸ್ ಮತ್ತು ಎರಡು ಟೈರು ಬದಲಿಸಿ, ಆ ಹೆಚ್ಚುವರಿ ಬ್ಲೇಡ್‌ಗಳನ್ನೂ ತಗಡಿನ ನೆಲಹಾಸನ್ನೂ ಕಳಚಿಸಿದೆ. ಅದೇ ವೇಬ್ರಿಡ್ಜಿನಲ್ಲಿ ಮತ್ತೆ ತೂಗಿಸಿದಾಗ 140 ಕೆಜಿಯ ವ್ಯತ್ಯಾಸ 20ಕ್ಕೆ ಇಳಿದಿತ್ತು.